ಈ ಬೋರ್ಡಿಗೆ ಇಷ್ಟೇ

ಜೂನ್ 4, ಗುರುವಾರ

ಬಾಗಿಲ ಕೀಲು ತಯಾರಿಸುವ ಕಂಪನಿಯವರು ಪ್ರತಿ ವರ್ಷ ನಮ್ಮ ಕಾರ್ಖಾನೆಗೆ ಡೈರಿ ಕೊಡುತ್ತಾರೆ. ಪುಟದ ಮೂಲೆಯಲ್ಲೆಲ್ಲ ಒಂದೊಂದು ಕೀಲಿನ ಚಿತ್ರ. ಇಷ್ಟು ದಿನ ಇದರಲ್ಲಿ ಕಪಾಟುಗಳ ಅಳತೆ ಗೀಚುತ್ತಿದ್ದೆ. ಇವತ್ತಿನಿಂದ ನನ್ನ ವಿಷಯ ಬರೆಯುತ್ತೇನೆ. ಮನೆಯಲ್ಲಿ ಹೇಳಿಕೊಳ್ಳೋಣವೆಂದರೆ ಕೇಳುವುದಕ್ಕಿರುವುದು ಗಂಡನ ಅಮ್ಮ ಒಬ್ಬರೇ.

ಗಂಡ ಚೀಲ ತುಂಬಿಕೊಂಡು ತನ್ನ ಅಕ್ಕನ ಮನೆಗೆ ಹೋಗಿದ್ದಾನೆ. ಅತ್ತೆ ಹೋಗಲಿಲ್ಲ. "ಜಗಳ ಆಡಿದ್ದು ನೀವಿಬ್ರು, ನಾನ್ಯಾಕೆ ಮಂಚ ಬದಲಾಯಿಸ್ಲಿ?" ಎಂದರು. ಹೀಗೆ ನನ್ನ ಸಂಸಾರದಿಂದ ಗಂಡನನ್ನು ಕಳೆದರೆ ಅತ್ತೆ ಶೇಷ.

ಜಗಳ ದೊಡ್ಡದೇನಲ್ಲ. ನಾನು ಅಡುಗೆಮನೆಗಳ ನಕ್ಷೆ ಮಾಡುವವಳು. ಮರಗೆಲಸದ ಕಾರ್ಖಾನೆಯಲ್ಲಿ ಕೆಲಸ. ಅವತ್ತು ನನ್ನನ್ನು ನಕ್ಷೆ ವಿಭಾಗಕ್ಕೆ ಮುಖ್ಯಸ್ಥೆ ಮಾಡಿದ್ದರು. ಓಡೋಡಿ ಮನೆಗೆ ಬಂದೆ. ಅವನು ಎಂದಿನಂತೆ ಆ ಹಳೆಯ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಬಾಗಿಲಲ್ಲಿ ನಿಂತು "ಒಂದು ವಿಷಯ ಹೇಳ್ಬೇಕು" ಎಂದೆ. "ಒಂದ್ನಿಮಿಷ" ಎಂದ, ಬೆನ್ನು ತಿರುಗಿಸಿಕೊಂಡೇ. ಚಪ್ಪಲಿ ಕೂಡ ಬಿಚ್ಚದೆ ನಿಂತೆ. ನಿಂತೇ ಇದ್ದೆ. ಆಮೇಲೆ ಹೋಗಿ ಪ್ಲಗ್ ಕಿತ್ತೆ.

"ನಿನ್ನೆಯಿಂದ ಪರೀಕ್ಷೆ ಓಡ್ತಿತ್ತು! ಒಂದು ದಿನ ಪೂರ್ತಿ ಹೋಯ್ತು!" ಎಂದು ಕೂಗಿದ.

"ನಂದು ಹನ್ನೆರಡು ವರ್ಷ ಹೋಯ್ತು" ಎಂದೆ. ಬಾಯಿಗೆ ಬಂದದ್ದು ಅದು. ಹೇಳಿದ ಮೇಲೆ ನಿಜವೇ ಇರಬಹುದು ಅನ್ನಿಸಿತು. "ಹಾಗಾದ್ರೆ ಇಬ್ರೂ ಸ್ವಲ್ಪ ಯೋಚನೆ ಮಾಡೋಣ" ಎಂದು ಅವನು ಹೊರಟುಹೋದ. ಮುಖ್ಯಸ್ಥೆಯಾದ ವಿಷಯ ಹೇಳಲೇ ಇಲ್ಲ. ಹೇಳುವುದೂ ಇಲ್ಲ. ನಾನಂತೂ ಯೋಚನೆ ಮಾಡುತ್ತಿಲ್ಲ.

ಜೂನ್ 6, ಶನಿವಾರ

ಯೋಚನೆ ಮಾಡದೇ ಇರುವುದಕ್ಕೆ ಒಂದು ಕೆಲಸ ಹುಡುಕಿಕೊಂಡಿದ್ದೇನೆ.

ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುತ್ತಾನೆ. ದಿನವಿಡೀ ಗೀರು ಬೀಳದಂತೆ ಗಾಜು ಅರೆದು, ಮನೆಗೆ ಬಂದು ನನ್ನ ಪ್ರಾಣ ಅರೆಯಲು ಈ ಕಂಪ್ಯೂಟರಿನ ಮುಂದೆ ಕೂರುತ್ತಾನೆ. ಅವನೇ ಜೋಡಿಸಿದ ಯಂತ್ರ. ಈಗಿನವರು ನೋಡಿದರೆ ನಗುವಷ್ಟು ಹಳೆಯ ಮದರ್‌ಬೋರ್ಡ್. ಅದರ ಮೇಲೆ ಸಾಲಾಗಿ ಸಿಕ್ಕಿಸಿರುವ ನಾಲ್ಕು ಹಸಿರು ಪಟ್ಟಿಗಳೇ ಮೆಮೊರಿ. ನನ್ನ ಭಾಷೆಯಲ್ಲಿ ಹೇಳುವುದಾದರೆ ಅಡುಗೆಮನೆಯ ಕಟ್ಟೆ. ಕಟ್ಟೆ ಎಷ್ಟು ಉದ್ದವೋ ಅಷ್ಟು ಸಾಮಾನು ಹರಡಿಕೊಳ್ಳಬಹುದು. ಇನ್ನು ಕೈ ಎಷ್ಟು ಚುರುಕು ಎನ್ನುವುದಕ್ಕೆ ಬೇರೆ ಒಂದು ಅಂಕಿ ಇದೆ, ಅದು ವೇಗ. ಅಂಗಡಿಯಿಂದ ಬಂದಾಗ ಅದು 1333. ಅವನು ವರ್ಷಗಟ್ಟಲೆ ಕುಳಿತು 1600ಕ್ಕೆ ಏರಿಸಿದ್ದಾನೆ. ಬೋರ್ಡಿನ ಜೊತೆ ಬಂದ ಪುಸ್ತಕದಲ್ಲಿ 2133ರವರೆಗೆ ಹೋಗಬಹುದೆಂದು ಅಚ್ಚು ಹಾಕಿದ್ದಾರೆ. ಕೇಳಿದರೆ "ಈ ಬೋರ್ಡಿಗೆ ಇಷ್ಟೇ" ಎನ್ನುತ್ತಾನೆ, ರೋಗಿಯ ಕಡೆಯವರಿಗೆ ಡಾಕ್ಟರು ಹೇಳಿದ ಹಾಗೆ.

ಅವನಿಗೆ ಆಗದ್ದನ್ನು ನಾನು ಮಾಡಿ ತೋರಿಸುತ್ತೇನೆ. ಎಷ್ಟೆಂದರೂ ನಾನೀಗ ಮುಖ್ಯಸ್ಥೆ.

ಯಂತ್ರ ಏಳುವಾಗ ಒಂದು ಗುಂಡಿ ಒತ್ತಿ ಹಿಡಿದರೆ ನೀಲಿ ಪುಟವೊಂದು ಬರುತ್ತದೆ. ಅದರಲ್ಲಿ 1600 ಇದ್ದ ಜಾಗದಲ್ಲಿ ನೇರವಾಗಿ 2133 ಇಟ್ಟೆ. ಪರದೆ ಕಪ್ಪಾಯಿತು. ಫ್ಯಾನು ಮಾತ್ರ ತಿರುಗುತ್ತಿತ್ತು.

"ಏನಾಯ್ತು? ಅವನ ಕಂಪ್ಯೂಟರ್ ಕೆಡಿಸ್ದ್ಯಾ?" ಎಂದು ಅತ್ತೆ ಇಣುಕಿದರು.

"ಇಲ್ಲ, ಸುಧಾರಿಸ್ಕೊಳ್ತಿದೆ."

ಬೀದಿಯ ತುದಿಯ ರಿಪೇರಿ ಅಂಗಡಿಯವನ ಹತ್ತಿರ ಹೋದೆ. ಅವನ ಮೂಗಿನ ಮೇಲಿರುವ ಕನ್ನಡಕ ನನ್ನ ಗಂಡನೇ ಮಾಡಿಕೊಟ್ಟದ್ದು. ಅದರ ಮೇಲಿಂದಲೇ ನನ್ನನ್ನು ನೋಡಿ, "ಮೇಡಂ, ಬೋರ್ಡ್ ಮೇಲೆ ಒಂದು ಬಿಲ್ಲೆ ಬ್ಯಾಟರಿ ಇದೆ. ಅದನ್ನ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕಿ. ಕೊಟ್ಟ ಅಂಕಿಗಳೆಲ್ಲ ಅಳಿಸಿಹೋಗಿ ಹೊಸದರ ಥರ ಏಳುತ್ತೆ" ಎಂದ.

ಹಾಗೇ ಮಾಡಿದೆ. ಎದ್ದಿತು. ಅವನು ವರ್ಷಗಟ್ಟಲೆ ಕೂಡಿಸಿದ ಅಂಕಿಗಳೆಲ್ಲ ಮಾಯ. ವೇಗ ಮತ್ತೆ 1333. ತಾರೀಖು ಕೂಡ ಬೋರ್ಡ್ ಹುಟ್ಟಿದ ವರ್ಷದ ಜನವರಿ ಒಂದಕ್ಕೆ ಹೋಗಿ ನಿಂತಿತ್ತು. ಆಗ ನಮಗಿನ್ನೂ ಮದುವೆಯಾಗಿರಲಿಲ್ಲ. ಇನ್ನೊಮ್ಮೆ ಯೋಚಿಸಿ ನೋಡು ಎಂದು ಯಾರೋ ಅವಕಾಶ ಕೊಟ್ಟ ಹಾಗಿತ್ತು. ಸ್ವಲ್ಪ ಹೊತ್ತು ಆ ತಾರೀಖನ್ನೇ ನೋಡುತ್ತಾ ಕುಳಿತು, ಆಮೇಲೆ ತೆಪ್ಪಗೆ ಇವತ್ತಿನದನ್ನು ಹಾಕಿದೆ.

ಜೂನ್ 9, ಮಂಗಳವಾರ

ಹಾರಿದರೆ ಬೀಳುತ್ತೇವೆ, ಮೆಟ್ಟಿಲು ಹತ್ತಬೇಕು. ಇದು ಗೊತ್ತಾಗಲು ಬ್ಯಾಟರಿಯನ್ನು ಮತ್ತೆ ಮತ್ತೆ ಕೀಳಬೇಕಾಯಿತು.

ಬರೀ ವೇಗವಲ್ಲ. ವೋಲ್ಟೇಜ್ ಇದೆ, ಅದು ಊಟ. ಜೊತೆಗೆ ಒಂದು ಸಾಲು ಪುಟ್ಟ ಅಂಕಿಗಳಿವೆ. ಕೇಳಿದ ಮೇಲೆ ಪಟ್ಟಿ ಉತ್ತರ ಕೊಡಲು ಎಷ್ಟು ಹೊತ್ತು ಕಾಯಬೇಕು ಎನ್ನುವ ಅಂಕಿಗಳು. ಕಾಯುವ ವಿಷಯದಲ್ಲಿ ಈ ಮನೆಯಲ್ಲಿ ನನ್ನನ್ನು ಮೀರಿಸಿದವರಿಲ್ಲವಾದ್ದರಿಂದ ಇದು ಬೇಗ ಅರ್ಥವಾಯಿತು. ಎಲ್ಲ ಇಟ್ಟ ಮೇಲೆ ಪರೀಕ್ಷೆಗೆ ಹಚ್ಚಬೇಕು. ಯಂತ್ರ ಪಟ್ಟಿಗಳ ತುಂಬ ಏನೇನೋ ಬರೆಯುತ್ತದೆ, ಬರೆದದ್ದನ್ನು ತಾನೇ ಓದಿ ನೋಡುತ್ತದೆ. ಒಂದೇ ಒಂದು ಅಕ್ಷರ ತಪ್ಪಿದರೂ ಪರದೆಯ ಮೇಲೆ ಕೆಂಪು ಗೆರೆ. ಗೆರೆ ಬಂದರೆ ಮೊದಲಿನಿಂದ ಶುರು.

ಇವತ್ತು ಕೆಂಪು ಗೆರೆ ಬರುವ ಮೊದಲು ಬಹಳ ದೂರ ಹೋಗಿತ್ತು. ಅತ್ತೆ ಬಾಗಿಲಿಗೆ ಬಂದು "ಊಟ ಆರ್ತಿದೆ" ಎಂದರು. ಬರುತ್ತೇನೆ ಎಂದೆ. ಮತ್ತೆ ಬಂದು "ಆರಿದೆ" ಎಂದರು. ಕೊನೆಗೆ ತಟ್ಟೆಯನ್ನು ಮೇಜಿನ ಮೇಲೇ ಇಟ್ಟು ಹೋದರು. ಈ ಹೆಂಗಸಿಗೆ ಊಟ ಬಿಟ್ಟರೆ ಪ್ರಪಂಚದಲ್ಲಿ ಬೇರೇನೂ ಇಲ್ಲ.

ಜೂನ್ 12, ಶುಕ್ರವಾರ

1866ಕ್ಕೆ ಏರಿಸಿದೆ. ಕೆಂಪು. ವೋಲ್ಟೇಜ್ ಒಂದು ಮೆಟ್ಟಿಲು ಮೇಲೆ. ಕೆಂಪು. ಕಾಯುವ ಅಂಕಿ ಒಂದು ಹೆಚ್ಚು. ಕೆಂಪು, ಆದರೆ ತಡವಾಗಿ.

ಅತ್ತೆ ಏನೋ ಹೇಳಲು ಬಂದರು. ಪರೀಕ್ಷೆ ನಿರ್ಣಾಯಕ ಹಂತದಲ್ಲಿತ್ತು. "ಒಂದ್ನಿಮಿಷ" ಎಂದೆ. ಆಮೇಲೆ ತಿರುಗಿ ನೋಡಿದರೆ ಬಾಗಿಲಲ್ಲಿ ಯಾರೂ ಇಲ್ಲ. ಹೇಳಬೇಕಾದ್ದು ಮರೆತುಹೋಗಿರಬೇಕು. ಪಾಪ, ವಯಸ್ಸಾಯಿತು.

ಜೂನ್ 14, ಭಾನುವಾರ

ಗೆದ್ದೆ!

ಎಷ್ಟು ಸುಲಭವಿತ್ತು. ನಾಲ್ಕು ಜನರನ್ನು ಒಂದೇ ಹೆಜ್ಜೆಯಲ್ಲಿ ಓಡಿಸುವುದಕ್ಕಿಂತ ಇಬ್ಬರನ್ನು ಓಡಿಸುವುದು ಸುಲಭ ಎಂದು ಸ್ನಾನ ಮಾಡುವಾಗ ಹೊಳೆಯಿತು. ತಲೆ ಒರೆಸಿಕೊಳ್ಳದೆ ಬಂದು ಎರಡು ಪಟ್ಟಿ ಕಿತ್ತು ಪಕ್ಕಕ್ಕಿಟ್ಟೆ. ಉಳಿದ ಎರಡಕ್ಕೆ 2133 ಕೊಟ್ಟೆ. ಎದ್ದಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಪರೀಕ್ಷೆ ಓಡಿತು, ಒಂದು ಕೆಂಪು ಗೆರೆ ಇಲ್ಲ. ಹನ್ನೆರಡು ವರ್ಷ ಮೇಜಿಗೆ ಅಂಟಿಕೊಂಡು ಕುಳಿತ ಮನುಷ್ಯನಿಗೆ ಎರಡು ಪಟ್ಟಿ ಕಿತ್ತು ನೋಡುವ ಬುದ್ಧಿ ಬರಲಿಲ್ಲವಲ್ಲ!

ಪರದೆಯ ಫೋಟೋ ತೆಗೆದು ಅವನಿಗೆ ಕಳಿಸಿದೆ. ಒಂದಕ್ಷರ ಬರೆಯಲಿಲ್ಲ. ಅಂಕಿಯೇ ಮಾತಾಡಲಿ ಎಂದು.

ಸ್ವಲ್ಪ ಹೊತ್ತಿಗೆ ಅವನ ಉತ್ತರ ಬಂತು: "ಚೆನ್ನಾಗಿದೆ. ಇಪ್ಪತ್ತೆಂಟು, ಭಾನುವಾರ ವ್ಯಾನ್ ತರ್ತೀನಿ. ಕಂಪ್ಯೂಟರ್ ತಗೊಂಡು ಹೋಗ್ತೀನಿ. ನಿಂಗೂ ಜಾಗ ಆಗುತ್ತೆ."

ಸೋತವರು ಹೀಗೇ, ಆಟದ ಸಾಮಾನು ಎತ್ತಿಕೊಂಡು ಹೋಗುತ್ತಾರೆ. ಬಟ್ಟೆಯನ್ನೆಲ್ಲ ಮೊದಲೇ ಒಯ್ದಿದ್ದಾನೆ. ಈ ಪೆಟ್ಟಿಗೆಯೂ ಹೋದರೆ ಈ ಮನೆಯಲ್ಲಿ ಅವನದು ಎಂದು ಉಳಿಯುವುದು ಅತ್ತೆ ಮಾತ್ರ. ಅಂದರೆ ಅವನು ಯೋಚನೆ ಮಾಡಿ ಮುಗಿಸಿದ್ದಾನೆ. ಒಳ್ಳೆಯದೇ ಆಯಿತು.

ಊಟ ಸೇರಲಿಲ್ಲ. ಗೆದ್ದ ಸಂಭ್ರಮಕ್ಕೆ ಹಾಗಾಗುತ್ತದೆ.

ಜೂನ್ 17, ಬುಧವಾರ

ಆಸ್ಪತ್ರೆಯೊಂದರ ಕ್ಯಾಂಟೀನಿನ ಅಡುಗೆಮನೆ. ಮುಖ್ಯಸ್ಥೆಯಾದ ಮೇಲೆ ನನ್ನ ಮೊದಲ ದೊಡ್ಡ ಕೆಲಸ. ಇಂಥ ನಕ್ಷೆಗಳನ್ನು ನಾನು ಮೊದಲಿನಿಂದಲೂ ಮನೆಗೆ ತಂದೇ ಮಾಡುವುದು. ಕಾರ್ಖಾನೆಯ ಕಂಪ್ಯೂಟರಿನಲ್ಲಿ ಅವು ತೆರೆಯುವಷ್ಟರಲ್ಲಿ ನನ್ನ ತಲೆ ನರೆಯುತ್ತದೆ. ಮನೆಯದರಲ್ಲಿ ತೆರೆಯುತ್ತವೆ. ಏಕೆ ಎಂದು ಯಾವತ್ತೂ ಕೇಳಿಕೊಂಡವಳಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಅಷ್ಟೇ.

ಇವತ್ತು ತೆರೆಯಲಿಲ್ಲ. ಒಲೆಗಳವರೆಗೆ ಬಂದು ನಿಂತಿತು. ಎರಡನೇ ಸಲ ಪಾತ್ರೆ ತೊಳೆಯುವ ತೊಟ್ಟಿಯವರೆಗೆ ಬಂತು. ಮೂರನೇ ಸಲ "ಜಾಗ ಸಾಲದು" ಎಂದು ಒಂದು ಸಾಲು ತೋರಿಸಿ ಇಡೀ ಯಂತ್ರ ಮಂಕಾಗಿ ಕುಳಿತಿತು. 2133ರ ವೇಗದಲ್ಲಿ ಮಂಕಾಗಿ ಕುಳಿತಿತು.

ತಿಳಿಯುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೈ ಚುರುಕು ಮಾಡುತ್ತೇನೆಂದು ಅರ್ಧ ಕಟ್ಟೆಯನ್ನೇ ಒಡೆದು ಹಾಕಿದ್ದೆ. ಯಾವ ಗಿರಾಕಿಯಾದರೂ ಇಂಥ ಅಡುಗೆಮನೆ ಮಾಡಿಕೊಡಿ ಎಂದು ಬಂದಿದ್ದರೆ ಬುದ್ಧಿ ಹೇಳಿ ಕಳಿಸುತ್ತಿದ್ದೆ.

ಜೂನ್ 18, ಗುರುವಾರ

ಕಾರ್ಖಾನೆಯಿಂದ ಬರುವಾಗ ರಿಪೇರಿ ಅಂಗಡಿಯವನ ಹತ್ತಿರ ನಿಂತೆ. ಎರಡು ಪಟ್ಟಿಯಲ್ಲಿ 2133 ಮಾಡಿದೆ ಎಂದು ಸ್ವಲ್ಪ ಜಂಬದಿಂದಲೇ ಹೇಳಿ, ನಾಲ್ಕನ್ನೂ ಹಾಕಿ ಅಷ್ಟೇ ವೇಗ ಬರುವ ಉಪಾಯ ಕೇಳಿದೆ.

"ಬರಲ್ಲ ಮೇಡಂ. ನಿಮ್ಮ ಯಜಮಾನ್ರು ತಲೆ ಚಚ್ಕೊಂಡ್ರೂ ಬರಲಿಲ್ಲ."

"ಅವ್ರಿಗೆ ಎರಡು ತೆಗೆದು ನೋಡೋದೇ ಹೊಳೀಲಿಲ್ಲ ಬಿಡಿ."

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಹೊಳೀದೆ ಏನು? ಬೋರ್ಡ್ ತಂದ ವರ್ಷವೇ ಇಲ್ಲೇ, ಇದೇ ಮೇಜಿನ ಮೇಲೆ ಎರಡು ತೆಗೆದು 2133 ಓಡಿಸಿದ್ರಲ್ಲ. ಕುಣಿಯೋದೊಂದು ಬಾಕಿ. ಹೋಗೋವಾಗ ಮತ್ತೆ ನಾಲ್ಕೂ ಹಾಕ್ಕೊಂಡ್ರು. ಯಾಕೆ ಸಾರ್ ಅಂದೆ. ‘ಎರಡರಲ್ಲಿ ಅವಳ ನಕ್ಷೆ ತೆರೆಯಲ್ಲ ಕಣಪ್ಪಾ’ ಅಂದ್ರು. ನಿಮಗೆ ಹೇಳಿಲ್ವಾ?"

"ಹೇಳಿದ್ರು, ನಾನೇ ಮರ್ತೆ" ಎಂದು ಬಂದೆ.

ಹೇಳಿರಲಿಲ್ಲ. ಕೇಳಿದಾಗಲೆಲ್ಲ "ಈ ಬೋರ್ಡಿಗೆ ಇಷ್ಟೇ" ಎಂದ, ಅಷ್ಟೇ. ನನಗೆ ಈಗ ಮೊದಲಿಗಿಂತ ಹೆಚ್ಚು ಸಿಟ್ಟು ಬಂದಿದೆ. ಇಷ್ಟು ವರ್ಷ ನಾನು ಒಬ್ಬ ಮೂರ್ಖನ ಮೇಲೆ ಸಿಟ್ಟಾಗಿದ್ದೆ, ಅದೊಂದು ನೆಮ್ಮದಿ ಇತ್ತು. ಅದನ್ನೂ ಕಿತ್ತುಕೊಂಡ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಜೂನ್ 19, ಶುಕ್ರವಾರ

ಬೆಳಿಗ್ಗೆ ಅತ್ತೆಗೆ ವ್ಯಾನಿನ ವಿಷಯ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

"ವ್ಯಾನಾ? ನಾನು ವಾಪಸ್ ಬರ್ಲಾ ಕೇಳಮ್ಮಾ ಅಂತ ಫೋನ್ ಮಾಡಿದ್ದನಲ್ಲೇ ಅವನು!"

"ಯಾವಾಗ?"

"ಹೋದ ವಾರ. ನಂಗೆ ಕೇಳೋಕೆ ಮುಖ ಇಲ್ಲ, ನೀನೇ ಕೇಳು ಅಂದ. ನಿನ್ನ ಹತ್ರ ಹೇಳೋಣ ಅಂತ ಬಂದೆ. ಒಂದ್ನಿಮಿಷ ಅಂದೆ. ಆ ನಿಮಿಷ ಇನ್ನೂ ಮುಗಿದಿಲ್ಲ."

"ಆಮೇಲೆ ಹೇಳ್ಬಹುದಿತ್ತಲ್ಲಾ ಅತ್ತೆ!"

"ಯಾವಾಗ ಹೇಳ್ಲಿ? ಬೆಳಿಗ್ಗೆ ಎದ್ರೆ ಅದರ ಮುಂದೆ, ಸಂಜೆ ಬಂದ್ರೆ ಅದರ ಮುಂದೆ. ಮೊದ್ಲು ಮಗನ ಬೆನ್ನಿಗೆ ಊಟಕ್ಕೆ ಬಾ ಅಂತಿದ್ದೆ, ಈಗ ಸೊಸೆ ಬೆನ್ನಿಗೆ ಅಂತೀನಿ. ನಂಗೇನು, ಬೆನ್ನು ಬದಲಾಯ್ತು."

ಹಾಗಾದರೆ ಅವನು ಅಲ್ಲಿ ಉತ್ತರಕ್ಕೆ ಕಾಯುತ್ತಾ ಕುಳಿತಿದ್ದ. ಬರಲಾ ಎಂದು ಕೇಳಿದವನಿಗೆ ಎರಡು ಪಟ್ಟಿ ಕಿತ್ತು ಹಾಕಿದ ಯಂತ್ರದ ಫೋಟೋ ಕಳಿಸಿದೆ. ನನ್ನ ನಕ್ಷೆಗಾಗಿ ಇಟ್ಟ ಪಟ್ಟಿಗಳನ್ನು ನಾನೇ ಕಿತ್ತದ್ದು ನೋಡಿದರೆ ಅವನಿಗೆ ಏನು ಅನ್ನಿಸಿರಬಹುದು? ಕಾರ್ಖಾನೆಗೆ ಹೋಗುವ ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಂಡೆ, ಎದುರು ಬಂದವರು ನೋಡುವಷ್ಟು ಗಟ್ಟಿಯಾಗಿ.

ಫೋನ್ ಮಾಡಿ ಹೇಳಬಹುದು. ಹೇಳುತ್ತೇನೆ. ಮೊದಲು ನಾಲ್ಕು ಪಟ್ಟಿಗಳನ್ನು ಸರಿಯಾಗಿ ಕೂರಿಸಿಬಿಡುತ್ತೇನೆ, ಆಮೇಲೆ.

ಜೂನ್ 24, ಬುಧವಾರ

ನಾಲ್ಕೂ ಒಳಗಿವೆ. 1600. ವೋಲ್ಟೇಜ್ ಒಂದು ಕೂದಲೆಳೆ ಮೇಲೆ, ಕಾಯುವ ಅಂಕಿಗಳಲ್ಲಿ ಒಂದನ್ನು ಮಾತ್ರ ಸಡಿಲ ಬಿಟ್ಟೆ. ಪರೀಕ್ಷೆ ಸುತ್ತು ಮೇಲೆ ಸುತ್ತು ಓಡಿ ಮುಗಿಯಿತು. ಒಂದೂ ತಪ್ಪಿಲ್ಲ. ಅಂದರೆ ಮೊದಲ ದಿನ ಬ್ಯಾಟರಿ ಕಿತ್ತು ನಾನು ಅಳಿಸಿಹಾಕಿದ ಅವನ ಅಂಕಿಗೇ, ಇಷ್ಟೆಲ್ಲ ಬೆವರು ಸುರಿಸಿ ಬಂದು ತಲುಪಿದ್ದೇನೆ.

ಕ್ಯಾಂಟೀನಿನ ನಕ್ಷೆ ತೆರೆಯಿತು. ಒಲೆ, ತೊಟ್ಟಿ, ಕಪಾಟು, ಹೊಗೆ ಹೋಗುವ ಕೊಳವೆ, ಎಲ್ಲ. ಕೆಲಸ ಮುಗಿಸಿ ಕಾರ್ಖಾನೆಗೆ ಒಯ್ದೆ. ಅಲ್ಲಿನ ಮಾಲೀಕರು ಚೆನ್ನಾಗಿದೆ ಎಂದರು.

ಅತ್ತೆ ಕೇಳಿದರು: "ಅವತ್ತು ಏನೋ ಜಾಸ್ತಿ ಮಾಡಿದೆ ಅಂದಿದ್ದೆ. ಈಗ ಕಮ್ಮಿ ಆಯ್ತಾ?"

"ಈ ಬೋರ್ಡಿಗೆ ಇಷ್ಟೇ ಅತ್ತೆ" ಎಂದೆ.

ಅವರು ಯಾಕೋ ನಕ್ಕರು. ನಗುವಂಥದ್ದು ಏನಿತ್ತೋ.

ಜೂನ್ 27, ಶನಿವಾರ

ನಾಳೆ ವ್ಯಾನ್. ಫೋನ್ ಮಾಡಲಿಲ್ಲ. ಕೈಗೆತ್ತಿಕೊಂಡೆ, ಇಟ್ಟೆ. ಬರಬೇಡ ಎಂದು ಹೇಳುವುದು ಎಷ್ಟು ಸುಲಭವೋ ಬಾ ಎನ್ನುವುದು ಅಷ್ಟೇ ಕಷ್ಟ. ಹಾಗಂತ ನಾನು ಬಾ ಎನ್ನಬೇಕೆಂದುಕೊಂಡಿದ್ದೇನೆ ಎಂದಲ್ಲ.

ಯಂತ್ರದ ಧೂಳು ಒರೆಸಿದೆ. ಹೋಗುವ ಸಾಮಾನು ಚೊಕ್ಕವಾಗಿರಲಿ.

ಜೂನ್ 28, ಭಾನುವಾರ

ಬೆಳಿಗ್ಗೆ ಎದ್ದವಳೇ ಸುಮ್ಮನೆ ವೇಗವನ್ನು 1866ಕ್ಕೆ ಏರಿಸಿ ಪರೀಕ್ಷೆಗೆ ಹಚ್ಚಿದೆ. ನಾಲ್ಕು ಪಟ್ಟಿ ಅಷ್ಟರಲ್ಲಿ ನಿಲ್ಲುವುದಿಲ್ಲವೆಂದು ಗೊತ್ತು. ಹೋಗುವ ವಸ್ತು, ಕೊನೆಯ ಸಲ ಒಂದು ಅವಕಾಶ ಕೊಟ್ಟು ನೋಡೋಣ ಎಂದು, ಅಷ್ಟೇ. ಪರೀಕ್ಷೆ ಓಡುವಾಗ ಪ್ಲಗ್ ಕೀಳಬಾರದು ಎನ್ನುವುದು ಈ ಮನೆಯಲ್ಲಿ ಎಲ್ಲರಿಗೂ ತಿಳಿದ ವಿಷಯ.

ಹೊರಗೆ ವ್ಯಾನ್ ನಿಂತ ಸದ್ದು. ಅತ್ತೆ ಬಾಗಿಲು ತೆಗೆದರು. ಹೆಜ್ಜೆ ಕೋಣೆಯ ಬಾಗಿಲವರೆಗೆ ಬಂದು ನಿಂತಿತು. ನನ್ನ ಕಣ್ಣು ಪರದೆಯ ಮೇಲೇ ಇತ್ತು, ಗೆರೆ ಯಾವ ಕ್ಷಣದಲ್ಲಾದರೂ ಬರಬಹುದಿತ್ತು.

"ಒಂದು ವಿಷಯ ಕೇಳ್ಬೇಕು" ಎಂದ.

"ಒಂದ್ನಿ..." ಎಂದವಳು ನಾಲಿಗೆ ಕಚ್ಚಿಕೊಂಡೆ. ಕುರ್ಚಿ ತಿರುಗಿಸಿದೆ. ಆ ಕುರ್ಚಿ ತಿರುಗುತ್ತದೆ ಎನ್ನುವುದು ಹನ್ನೆರಡು ವರ್ಷದಲ್ಲಿ ನಮ್ಮಿಬ್ಬರಿಗೂ ಗೊತ್ತಾಗಿರಲಿಲ್ಲ.

ಸ್ವಲ್ಪ ಸೊರಗಿದ್ದಾನೆ. ಚಪ್ಪಲಿ ಬಿಚ್ಚಿರಲಿಲ್ಲ.

"ಅವತ್ತು ನೀನು ಏನೋ ಹೇಳೋಕೆ ಬಂದಿದ್ದೆ. ಏನದು?"

"ನಿಮ್ಮಮ್ಮ ಹೇಳಿರ್ತಾರೆ."

"ಹೇಳಿದ್ರು. ಆದ್ರೂ ನೀನು ಹೇಳು."

"ನನ್ನನ್ನ ಮುಖ್ಯಸ್ಥೆ ಮಾಡಿದ್ರು" ಎಂದೆ. ಇಷ್ಟು ಹಳಸಿದ ಸುದ್ದಿ ಹೇಳುವಾಗ ಅಳು ಬಂತು. ಧೂಳಿಗೆ ಬಂದ ನೀರು ಎಂದು ಬರೆಯಬಹುದಿತ್ತು, ಆದರೆ ನಿನ್ನೆ ತಾನೇ ಧೂಳು ಒರೆಸಿದ್ದೇನೆ ಎಂದು ಮೇಲಿನ ಪುಟದಲ್ಲಿದೆ.

ಅವನು ಪಕ್ಕದ ಸ್ಟೂಲಿನ ಮೇಲೆ ಕುಳಿತು ಯಂತ್ರದ ಹೊಟ್ಟೆಯೊಳಗೆ ಇಣುಕಿದ. ನಾಲ್ಕು ಪಟ್ಟಿಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿದ. ಎಣಿಸುವಂಥದ್ದೇನಲ್ಲ, ನಾಲ್ಕೇ ಇರುವುದು.

"ನಾಲ್ಕೂ ಇಟ್ಟು 1866?"

"ಹೂಂ."

"ನಿಲ್ಲಲ್ಲ."

"ನೋಡೋಣ."

ಹೊರಗೆ ವ್ಯಾನಿನವನು ಹಾರನ್ ಹೊಡೆದ. ಇವನು ಎದ್ದು ಹೋಗಿ "ಪರೀಕ್ಷೆ ಓಡ್ತಿದೆ, ಮಧ್ಯದಲ್ಲಿ ಕೀಳೋಕಾಗಲ್ಲ, ನಾಳೆ ಬನ್ನಿ" ಎಂದ. ಯಾರಿಗೆ ಪರೀಕ್ಷೆ, ಯಾವ ಪರೀಕ್ಷೆ ಎಂದು ತಿಳಿಯದೆ ವ್ಯಾನಿನವನು ಗೊಣಗುತ್ತಾ ಹೋದ. ಒಳಗೆ ಬರುವಾಗ ಇವನ ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಮಧ್ಯಾಹ್ನಕ್ಕೆ ಕೆಂಪು ಗೆರೆ ಬಂತು. "ಮೊದಲಿಂದ ಹಚ್ಬೇಕು. ನೀನು ಊಟ ಮಾಡು ಹೋಗು, ನಾನು ಹಚ್ಚಿ ಬರ್ತೀನಿ" ಎಂದ. ಅಡುಗೆಮನೆಯಿಂದ ಅತ್ತೆ ಕೂಗಿದರು, "ಇಬ್ರದ್ದೂ ಆರ್ತಿದೆ!" ಬಿಸಿ ಇರುವಾಗಲೇ ಮೂವರೂ ಉಂಡೆವು. ವಾಪಸ್ ಬರುವುದರ ಬಗ್ಗೆ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪರೀಕ್ಷೆ ಮುಗಿಯದೆ ಏನನ್ನೂ ಹೇಳುವ ಹಾಗಿಲ್ಲ ನೋಡಿ.

ಜೂನ್ 29, ಸೋಮವಾರ

ಬೆಳಿಗ್ಗೆ ಪರದೆಯ ತುಂಬ ಕೆಂಪು ಗೆರೆಗಳು. ನಿನ್ನೆ ಮಧ್ಯಾಹ್ನ ಬಂದದ್ದು ಒಂದೇ ಒಂದು. ಇಷ್ಟೊಂದು ಹೇಗೆ ಬಂತೆಂದು ನೀಲಿ ಪುಟ ತೆರೆದು ನೋಡಿದೆ.

ವೇಗ ನಾನು ಇಟ್ಟ 1866ರಲ್ಲೇ ಇದೆ. ವೋಲ್ಟೇಜನ್ನು ಮಾತ್ರ ಯಾರೋ ಇಳಿಸಿದ್ದಾರೆ, ಚೆನ್ನಾಗಿಯೇ ಇಳಿಸಿದ್ದಾರೆ. ಇಷ್ಟು ಕಡಿಮೆಯಲ್ಲಿ ಈ ನಾಲ್ಕು ಪಟ್ಟಿ ಯಾವ ಜನ್ಮಕ್ಕೂ ಪಾಸಾಗುವುದಿಲ್ಲ. ಅತ್ತೆಗೆ ವೋಲ್ಟೇಜ್ ಎಂದರೆ ಏನೆಂದು ಗೊತ್ತಿಲ್ಲ. ನಾನು ಅದನ್ನು ಮುಟ್ಟಿಲ್ಲ.

"ಏನಾಯ್ತು?" ಎಂದು ಹಜಾರದ ಹಾಸಿಗೆಯಿಂದಲೇ ಕೇಳಿದ.

"ನಿಲ್ಲಲಿಲ್ಲ."

"ಛೆ" ಎಂದ. ಅಷ್ಟು ನೆಮ್ಮದಿಯ ಛೆ ನಾನು ಕೇಳಿರಲಿಲ್ಲ. "ಹಾಗಾದ್ರೆ ವ್ಯಾನಿನವನಿಗೆ ಇವತ್ತು ಬೇಡ ಅಂದ್ಬಿಡ್ತೀನಿ."

ಅಂಕಿಗಳನ್ನು ಇದ್ದ ಹಾಗೇ ಬಿಟ್ಟು, ಮತ್ತೆ ಪರೀಕ್ಷೆಗೆ ಹಚ್ಚಿ ಕಾರ್ಖಾನೆಗೆ ಹೊರಟೆ.